ಮರಾಠಿಯವರ ತಾರತಮ್ಯ, ನಮ್ಮ ತಾರತಮ್ಯ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಪುಣೆಯ ಕೊಥ್ರೂಡಿನಲ್ಲಿ ಮನೆ. ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಗಣಪತಿ ಹಬ್ಬದ ಲೆಕ್ಕ ಓದುತ್ತಿದ್ದಾಗ ಹಿರಿಯ ಕಾಕಾ ಒಬ್ಬರು ಎದ್ದು ನಿಂತು "ಖರ್ಚಾಲಾ ಕಾಹೀ ತಾರತಮ್ಯ ಆಹೇ ಕೀ ನಾಹೀ?" ಅಂದರು. ಕಮಿಟಿಯಲ್ಲಿ ನಾನೂ ಇದ್ದೇನೆ. ನಾವು ಯಾರಿಗೆ ತಾರತಮ್ಯ ಮಾಡಿದ್ವಿ ಅಂತ ನನಗೆ ತಲೆಬುಡ ತಿಳಿಯಲಿಲ್ಲ. ಈ ಪದ ಎಲ್ಲಿಂದ ಬಂತು, ಎರಡು ಭಾಷೆಯಲ್ಲಿ ಅರ್ಥ ಬೇರೆ ಯಾಕೆ? ಇನ್ನೊಂದು ಕೇಳುವುದಿದೆ. ಮನೆಕೆಲಸದ ಹೆಂಗಸರು ಹಿಂದಿನ ಲಿಫ್ಟನ್ನೇ ಹತ್ತಬೇಕು ಅನ್ನುವ ನಿಯಮ ನಮ್ಮಲ್ಲಿದೆ. ಅದರ ಬಗ್ಗೆ ಕನ್ನಡ ಬಳಗದ ದೀಪಾವಳಿ ಸಂಚಿಕೆಗೆ ಬರೆಯುತ್ತಿದ್ದೇನೆ. ಅದನ್ನು ಅಸಮಾನತೆ ಅನ್ನಬೇಕಾ, ತಾರತಮ್ಯ ಅನ್ನಬೇಕಾ, ಇಲ್ಲಿಯವರ ಹಾಗೆ ವಿಷಮತೆ ಅನ್ನಬೇಕಾ?

ಉತ್ತರ: ಆ ಕಾಕಾ ನೀವು ಯಾರಿಗೋ ಅನ್ಯಾಯ ಮಾಡಿದಿರಿ ಅಂತ ಹೇಳಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಖರ್ಚಿಗೊಂದು ಹದ ಬೇಡವಾ, ಯಾವುದಕ್ಕೆ ಎಷ್ಟು ಅಂತ ನೋಡಬೇಡವಾ ಅಂತ ಕೇಳಿದ್ದಾರೆ ಅಷ್ಟೇ. ಮರಾಠಿಯಲ್ಲಿ ತಾರತಮ್ಯ ಇರಬೇಕಾದ ಗುಣ. "ತಾರತಮ್ಯ ಬಾಳಗಾ" ಅಂದರೆ ಹಿಂದೆಮುಂದೆ ನೋಡಿ ನಡೀರಿ ಅಂತ. ಕನ್ನಡದಲ್ಲಿ ಅದೇ ಪದ ಇರಬಾರದ ಗುಣ. ಮುಂಬಯಿ, ಪುಣೆಯಲ್ಲಿ ಎರಡೂ ಭಾಷೆಯನ್ನು ದಿನಾ ಬಳಸುವವರು ಜಾಸ್ತಿ ಎಡವುವುದು ಇಂಥ ಕಡೆಯೇ. ಗೊತ್ತಿಲ್ಲದ ಪದ ಬಂದರೆ ಪಕ್ಕದವರನ್ನು ಕೇಳುತ್ತೇವೆ. ಗೊತ್ತಿರುವ ಪದ ಬಂದರೆ ಕೇಳುವುದೇ ಇಲ್ಲ, ನಮ್ಮ ಅರ್ಥವನ್ನೇ ಹಚ್ಚಿಕೊಂಡು ಬೇಜಾರು ಮಾಡಿಕೊಳ್ಳುತ್ತೇವೆ.

ಪದದ ಹುಟ್ಟು ತುಂಬಾ ಸರಳ. ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ. ಕಲಿತದ್ದು ನೆನಪಿದೆಯಲ್ವಾ? ನಿಮ್ಮ ಮಕ್ಕಳು ಪುಣೆಯ ಮರಾಠಿ ಶಾಲೆಯಲ್ಲಿ ಓದುತ್ತಿದ್ದರೆ ಅದನ್ನೇ ಲಸಾವಿ, ಮಸಾವಿ ಅನ್ನುತ್ತಾರೆ. ನಮ್ಮ ಲ.ಸಾ.ಅ. ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಮ.ಸಾ.ಅ. ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಲಘುತಮ ಅಂದರೆ ಎಲ್ಲಕ್ಕಿಂತ ಚಿಕ್ಕದು, ಮಹತ್ತಮ ಅಂದರೆ ಎಲ್ಲಕ್ಕಿಂತ ದೊಡ್ಡದು. (ಮಹತ್ ಜೊತೆ ತಮ ಸೇರಿದ್ದರಿಂದ ಮಹತ್ತಮದಲ್ಲಿ ಒತ್ತು ಬರುತ್ತದೆ. ಅದನ್ನು ನೋಡಿ ಎಷ್ಟೋ ಜನ ಲಘುತ್ತಮ ಅಂತಲೂ ಬರೆಯುತ್ತಾರೆ. ಲಘು ಜೊತೆ ತಮ, ಒತ್ತು ಬೇಕಿಲ್ಲ.) ಈ ತಮ ಸಂಸ್ಕೃತದ ಒಂದು ಪ್ರತ್ಯಯ. ಅದರ ಜೊತೆಗಾರ ತರ. ಎರಡನ್ನು ಹೋಲಿಸಿ ಇದು ಅದಕ್ಕಿಂತ ಹೆಚ್ಚು ಅನ್ನಲು ತರ, ಹಲವನ್ನು ಹೋಲಿಸಿ ಇದೇ ಎಲ್ಲಕ್ಕಿಂತ ಹೆಚ್ಚು ಅನ್ನಲು ತಮ. ಪೇಪರಿನಲ್ಲಿ ಬರುವ "ಗುರುತರ ಆರೋಪ"ದಲ್ಲಿ ತರ ಇದೆ, ಪ್ರಿಯತಮನಲ್ಲಿ ತಮ ಇದೆ. ಉತ್ತಮ ಅನ್ನುವ ಪದದೊಳಗೂ ಅದೇ ತಮ ಕೂತಿದೆ. ಉತ್ ಅಂದರೆ ಮೇಲೆ, ಉತ್ತಮ ಅಂದರೆ ಎಲ್ಲಕ್ಕಿಂತ ಮೇಲಿನದು.

ಕನ್ನಡಕ್ಕೆ ಇಂಥ ಪ್ರತ್ಯಯ ಇಲ್ಲ. ನಾವು "ಅದಕ್ಕಿಂತ", "ಎಲ್ಲಕ್ಕಿಂತ" ಅಂತ ಹೇಳಿ ಕೆಲಸ ಮುಗಿಸುತ್ತೇವೆ. ಸಂಸ್ಕೃತದವರು ಆ ಎರಡು ಪ್ರತ್ಯಯಗಳನ್ನೇ ಜೋಡಿಸಿ ತರತಮ ಅಂತ ಒಂದು ಪದ ಮಾಡಿದರು. ಅದಕ್ಕೆ ಯ ಸೇರಿದಾಗ ಮೊದಲ ಅಕ್ಷರ ದೀರ್ಘವಾಗಿ ತಾರತಮ್ಯ ಆಯಿತು. ಚತುರನಿಂದ ಚಾತುರ್ಯ, ಪಂಡಿತನಿಂದ ಪಾಂಡಿತ್ಯ ಆಗುವುದೂ ಹೀಗೆಯೇ. ಅಂದರೆ ಪದದ ಮೊದಲ ಅರ್ಥ ಹೆಚ್ಚು-ಕಮ್ಮಿ ಇರುವಿಕೆ, ಮೆಟ್ಟಿಲು ಮೆಟ್ಟಿಲಾಗಿ ಇರುವಿಕೆ. ಅದರಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಆಕಾಶದ ತಾರೆಗೂ ಇದಕ್ಕೂ ಸಂಬಂಧ ಇಲ್ಲ. "ಈ ತರ, ಆ ತರ" ಅನ್ನುವ ತರವೂ ಬೇರೆ.

ಇಲ್ಲೇ ಒಂದು ಮಾತು. "ತಾರತಮ್ಯತೆ" ಅಂತ ಬರೆಯಬೇಡಿ. ಯ ಸೇರಿದಾಗಲೇ ಅದು ಭಾವನಾಮ ಆಯಿತು, ಮತ್ತೆ ತೆ ಯಾಕೆ? ಸೌಂದರ್ಯತೆ ಅನ್ನುವುದಿಲ್ಲವಲ್ಲ, ಹಾಗೆಯೇ.

ಇಂಥ ಪದ ಊರೂರು ತಿರುಗುತ್ತಾ ಒಂದೊಂದು ಮನೆಯಲ್ಲಿ ಒಂದೊಂದು ಕೆಲಸ ಹಿಡಿಯಿತು. ಮುಂಬಯಿಯ ಹಳೆ ಬಿಲ್ಡಿಂಗುಗಳಲ್ಲಿ ಒಂದೇ ಮಹಡಿಯಲ್ಲಿ ನಾಲ್ಕು ಭಾಷೆ ಇರುತ್ತವೆ, ಅಲ್ಲಿ ಇದನ್ನು ಸಲೀಸಾಗಿ ಗಮನಿಸಬಹುದು. ಮಲಯಾಳಿಗಳಿಗೆ ತಾರತಮ್ಯ ಅಂದರೆ ಬರೀ ಹೋಲಿಕೆ. ಅವರ "ತಾರತಮ್ಯ ಪಠನ" ನಮ್ಮ ತೌಲನಿಕ ಅಧ್ಯಯನ. ಹಿಂದಿಯವರಿಗೆ ಅದು ಹೊಂದಾಣಿಕೆ, ಒಂದಕ್ಕೊಂದು ಕೊಂಡಿ ಕೂಡಿ ಬರುವುದು. ಇಬ್ಬರ ನಡುವೆ ತಾರತಮ್ಯ ಚೆನ್ನಾಗಿದೆ ಅಂತ ಹಿಂದಿಯವರು ಹೇಳಿದರೆ ಅವರಿಬ್ಬರೂ ಕೂಡಿ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಅರ್ಥ. ಮರಾಠಿಯವರಿಗೆ ವಿವೇಕ, ಹದ. ನಮಗೆ ಮಾತ್ರ ಅನ್ಯಾಯ.

ನಮ್ಮಲ್ಲೂ ಮೊದಲು ಹೀಗಿರಲಿಲ್ಲ. 13ನೇ ಶತಮಾನದ ಮಧ್ವಾಚಾರ್ಯರ ದ್ವೈತ ಮತದಲ್ಲಿ ತಾರತಮ್ಯ ಮುಖ್ಯವಾದ ಸಿದ್ಧಾಂತ. ವಿಷ್ಣು ಎಲ್ಲರಿಗಿಂತ ಮೇಲೆ, ಆಮೇಲೆ ಲಕ್ಷ್ಮಿ, ಆಮೇಲೆ ಬ್ರಹ್ಮ ಮತ್ತು ವಾಯು, ಆಮೇಲೆ ಸರಸ್ವತಿ ಮತ್ತು ಭಾರತಿ, ನಂತರ ಗರುಡ, ಶೇಷ, ರುದ್ರ, ಹೀಗೆ ಇಳಿಯುತ್ತಾ ಹೋಗುತ್ತದೆ. ಮೋಕ್ಷದಲ್ಲಿ ಸಿಗುವ ಆನಂದದಲ್ಲೂ ಹೆಚ್ಚು ಕಮ್ಮಿ ಇದೆ ಅನ್ನುತ್ತಾರೆ ಅವರು. ಈ ಯೋಚನೆಯ ಬೇರು ಇನ್ನೂ ಹಳೆಯದು. ತೈತ್ತಿರೀಯ ಉಪನಿಷತ್ತಿನಲ್ಲಿ ಮನುಷ್ಯನ ಆನಂದದಿಂದ ಶುರುಮಾಡಿ, ಒಂದೊಂದು ಮೆಟ್ಟಿಲಿಗೆ ನೂರು ಪಟ್ಟು ಹೆಚ್ಚಿಸುತ್ತಾ ಲೆಕ್ಕ ಹಾಕಿದ್ದಾರೆ. ಕನ್ನಡದ ದಾಸರಿಗೂ ಇದು ದಿನನಿತ್ಯದ ಪದವಾಗಿತ್ತು. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಬೃಹತ್ತಾರತಮ್ಯ ಸಂಧಿ ಅಂತಲೇ ಒಂದು ಭಾಗ ಇದೆ. ಹಾಗಾಗಿ ಮಠದ ಪ್ರವಚನದಲ್ಲಿ "ತಾರತಮ್ಯ ತಿಳಿದು ಪೂಜೆ ಮಾಡಬೇಕು" ಅಂತ ಕೇಳಿಬಂದರೆ ಅದನ್ನು ಪೇಪರಿನ ಅರ್ಥದಲ್ಲಿ ತಗೋಬಾರದು. ಮನುಷ್ಯರ ನಡುವಿನ ಮೇಲು ಕೀಳಿಗೆ ಈ ಮಾತನ್ನು ಆಸರೆಯಾಗಿ ಹಿಡಿಯುವವರಿದ್ದಾರೆ ಅನ್ನುವುದು ನಿಜ, ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಅದು ಬೇರೆಯೇ ಚರ್ಚೆ.

ಅರ್ಥ ತಿರುಗಿದ್ದು ಎಲ್ಲಿ? ಕ್ರಿಯಾಪದ ನೋಡಿದರೆ ತಿಳಿಯುತ್ತದೆ. ಮರಾಠಿಯಲ್ಲಿ ತಾರತಮ್ಯವನ್ನು ಪಾಳುತ್ತಾರೆ, ರಾಖುತ್ತಾರೆ, ಬಾಳಗುತ್ತಾರೆ. ಅಂದರೆ ಕಾಪಾಡಿಕೊಳ್ಳುತ್ತಾರೆ. ಹಳೆ ಕನ್ನಡಿಗರು ತಾರತಮ್ಯವನ್ನು ಅರಿಯುತ್ತಿದ್ದರು, ತಿಳಿಯುತ್ತಿದ್ದರು. "ಅವನಿಗೆ ತಾರತಮ್ಯ ಜ್ಞಾನ ಇಲ್ಲ" ಅಂತ ಹಿರಿಯರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಹೇಳುವುದುಂಟು, ಅದು ಕಾಕಾ ಹೇಳಿದ ಅರ್ಥವೇ. ಈಗಿನ ನಾವು ತಾರತಮ್ಯ ಮಾಡುತ್ತೇವೆ. ಇರುವ ವ್ಯತ್ಯಾಸವನ್ನು ಕಾಣುವುದು ಒಂದು, ಇಲ್ಲದ ವ್ಯತ್ಯಾಸವನ್ನು ತಂದು ಹಾಕುವುದು ಇನ್ನೊಂದು. ಮರಾಠಿ ಪದ ಮೊದಲನೆಯದಕ್ಕೆ ನಿಂತಿತು, ಕನ್ನಡ ಪದ ಎರಡನೆಯದಕ್ಕೆ ಹೋಯಿತು. ಸಂವಿಧಾನದ 15ನೇ ವಿಧಿ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಜಾಗ ಈ ಐದರ ಮೇಲೆ ಸರ್ಕಾರ ಯಾವ ಪ್ರಜೆಗೂ ಏನನ್ನು ಮಾಡಬಾರದು ಅಂತ ಹೇಳುತ್ತದೋ, ಅದಕ್ಕೆ ಕನ್ನಡದವರು ತಾರತಮ್ಯ ಅನ್ನುತ್ತೇವೆ, ಮರಾಠಿಯವರು ಭೇದಭಾವ ಅನ್ನುತ್ತಾರೆ. ಹಳೆ ಅರ್ಥ ಕನ್ನಡದಲ್ಲಿ ಇನ್ನೂ ಉಸಿರಾಡುತ್ತಿರುವ ಒಂದು ಜಾಗ ಇದೆ: ಸರ್ಕಾರಿ ನೌಕರರ "ವೇತನ ತಾರತಮ್ಯ". ಅಲ್ಲಿ ಹಲವು ಸಲ ಅರ್ಥ ಶ್ರೇಣಿ ಶ್ರೇಣಿಯ ನಡುವಿನ ಏರುಪೇರು ಅಂತಲೇ. ಮರಾಠಿಯವರು ಅದನ್ನು ವೇತನ ತ್ರುಟಿ ಅನ್ನುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ.

ಅಸಮಾನತೆ ಮತ್ತು ತಾರತಮ್ಯ ಒಂದೇ ಅಲ್ಲ. "ಮಾಡು" ಹಚ್ಚಿ ನೋಡಿ. "ಅವರು ತಾರತಮ್ಯ ಮಾಡಿದರು" ಸರಾಗವಾಗಿ ಬರುತ್ತದೆ. "ಅವರು ಅಸಮಾನತೆ ಮಾಡಿದರು" ಅಂತ ಯಾರೂ ಹೇಳುವುದಿಲ್ಲ. ಅಸಮಾನತೆ ಇರುತ್ತದೆ, ಬೆಳೆಯುತ್ತದೆ, ತಗ್ಗುತ್ತದೆ. ಅದು ಒಂದು ಸ್ಥಿತಿ. ಅಳೆಯಲೂ ಬರುತ್ತದೆ. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆಯಲ್ಲಿ ಎಲ್ಲರಿಗೂ ಸಮ ಆದಾಯ ಇದ್ದರೆ 0, ಎಲ್ಲವೂ ಒಬ್ಬನ ಕೈಯಲ್ಲೇ ಇದ್ದರೆ 1. ತಾರತಮ್ಯ ಹಾಗಲ್ಲ. ಅದು ಕೆಲಸ. ಮಾಡಿದವರು ಒಬ್ಬರು ಇರಲೇಬೇಕು.

ಮುಂಬಯಿಯ ಉದಾಹರಣೆ ತಗೊಳ್ಳಿ. ಮೀಠಿ ನದಿಯ ಆ ಕಡೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು, ಈ ಕಡೆ ಧಾರಾವಿಯ ಖೋಲಿಗಳು, ಒಂದೇ ಖೋಲಿಯಲ್ಲಿ ಅಡುಗೆ, ಊಟ, ನಿದ್ದೆ, ಹೊಲಿಗೆ ಮಷೀನು ಎಲ್ಲಾ. ಇದು ಅಸಮಾನತೆ. ಆದರೆ ಧಾರಾವಿಯ ಹುಡುಗಿ ಓದಿ ಪಾಸಾಗಿ ಆ ಗಾಜಿನ ಕಟ್ಟಡದ ಒಂದು ಆಫೀಸಿಗೆ ಅರ್ಜಿ ಹಾಕಿದಾಗ, ವಿಳಾಸ ನೋಡಿ ಯಾರೋ ಅದನ್ನು ಪಕ್ಕಕ್ಕೆ ಇಟ್ಟರೆ ಅದು ತಾರತಮ್ಯ. ಮನೆ ಬಾಡಿಗೆ ಕೈಗೆ ಎಟುಕುವುದಿಲ್ಲ ಅನ್ನುವುದು ಅಸಮಾನತೆ, ಬಾಡಿಗೆ ಕೊಡುತ್ತೇನೆ ಅಂದರೂ ಹೆಸರು ಕೇಳಿ, ಏನು ತಿನ್ನುತ್ತೀರಿ ಅಂತ ಕೇಳಿ ಮನೆ ಇಲ್ಲ ಅನ್ನುವುದು ತಾರತಮ್ಯ. ಒಂದರಿಂದ ಇನ್ನೊಂದು ಹುಟ್ಟುತ್ತದೆ ನಿಜ, ತಲೆಮಾರುಗಟ್ಟಲೆ ನಡೆದ ತಾರತಮ್ಯವೇ ಗಟ್ಟಿಯಾಗಿ ಅಸಮಾನತೆ ಆಗಿರುತ್ತದೆ. ಆದರೂ ಬರೆಯುವಾಗ ಬೇರೆ ಬೇರೆ ಇಡಬೇಕು. ಯಾಕೆಂದರೆ ಮಾಡಿದವರು ಇರುವ ಕಡೆ ಅಸಮಾನತೆ ಅಂತ ಬರೆದರೆ ಅವರು ಮರೆಗೆ ಹೋಗುತ್ತಾರೆ. ಮಳೆ ಬಂದ ಹಾಗೆ, ಚಳಿ ಬಿದ್ದ ಹಾಗೆ ಅದು ತಾನಾಗಿ ಬಂತು ಅನಿಸುತ್ತದೆ. ಪೇಪರಿನಲ್ಲಿ, ಭಾಷಣದಲ್ಲಿ ಇದು ನಡೆಯುತ್ತಲೇ ಇದೆ, ನನಗೆ ಸಿಟ್ಟು ಬರುವುದು ಇದಕ್ಕೇ.

ಮಹಾರಾಷ್ಟ್ರದ ಮಹಾಡ್ ಊರಿನ ಕೆರೆಯ ಸಂಗತಿ ನೋಡಿ. ಸಾರ್ವಜನಿಕ ನೀರು ಎಲ್ಲರಿಗೂ ತೆರೆದಿರಬೇಕು ಅಂತ ಬೊಂಬಾಯಿ ವಿಧಾನ ಪರಿಷತ್ತು 1923ರಲ್ಲೇ ಎಸ್.ಕೆ. ಬೋಲೆ ಮಂಡಿಸಿದ ಠರಾವು ಪಾಸು ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಕೆರೆಯಲ್ಲಿ ನೀರಿತ್ತು, ಕಾಗದದ ಮೇಲೆ ಹಕ್ಕೂ ಇತ್ತು. ಆದರೂ ದಲಿತರು ಅಲ್ಲಿ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಆಮೇಲೆ ಅಲ್ಲಿದ್ದ ದಲಿತರ ಮೇಲೆ ಹಲ್ಲೆ ಆಯಿತು, ಮೇಲ್ಜಾತಿಯವರು ಕೆರೆಯನ್ನು ಶುದ್ಧ ಮಾಡಿದರು, ವಿಷಯ ಕೋರ್ಟಿಗೆ ಹೋಗಿ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಇದನ್ನು ಸುಮ್ನೆ "ನೀರಿನ ಅಸಮಾನತೆ" ಅಂದರೆ ಸತ್ಯದ ಅರ್ಧ ಬಿದ್ದುಹೋಗುತ್ತದೆ. ಇಲ್ಲಿ ತಡೆದ ಕೈಗಳಿದ್ದವು.

ಹಾಗಂತ ಅಸಮಾನತೆ ಸಪ್ಪೆ ಪದ ಅಂದುಕೊಳ್ಳಬೇಡಿ. ಅಂಬೇಡ್ಕರರೇ ಸಂವಿಧಾನ ಸಭೆಯಲ್ಲಿ ಮಾಡಿದ 1949ರ ನವೆಂಬರ್ 25ರ ಭಾಷಣದಲ್ಲಿ, ರಾಜಕೀಯದಲ್ಲಿ ನಮಗೆ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಅಂತ ಎಚ್ಚರಿಸಿದರು. ಅಲ್ಲಿ ಅವರು ಹೇಳುತ್ತಿದ್ದದ್ದು ಇಡೀ ದೇಶದ ಸ್ಥಿತಿ, ಆ ಪದವೇ ಸರಿ. ಜಾತಿಯ ಬಗ್ಗೆ ಅವರು ಬಳಸಿದ ಇನ್ನೊಂದು ಮಾತನ್ನು ಕನ್ನಡದಲ್ಲಿ ಶ್ರೇಣೀಕೃತ ಅಸಮಾನತೆ ಅನ್ನುತ್ತೇವೆ. ಮೇಲೆ ಹೋದಂತೆ ಗೌರವ ಹೆಚ್ಚು, ಕೆಳಗೆ ಬಂದಂತೆ ತಿರಸ್ಕಾರ ಹೆಚ್ಚು, ಪ್ರತಿಯೊಬ್ಬರಿಗೂ ತಮಗಿಂತ ಕೆಳಗೆ ಇನ್ನೊಬ್ಬರು ಇರುವುದರಿಂದ ಇಡೀ ವ್ಯವಸ್ಥೆಯನ್ನು ಕಿತ್ತೊಗೆಯಲು ಎಲ್ಲರೂ ಒಟ್ಟಾಗಿ ಏಳುವುದಿಲ್ಲ ಅನ್ನುವುದು ಅವರ ವಾದ. ನೀವೇ ನೋಡಿ, ಇದು ತರ ಮತ್ತು ತಮ ಅಲ್ವಾ? ಒಂದಕ್ಕಿಂತ ಒಂದು ಮೇಲು, ಎಲ್ಲಕ್ಕಿಂತ ಒಂದು ಮೇಲು. ಜಾತಿಗೆ ಮೂಲ ಅರ್ಥದ ತಾರತಮ್ಯವೂ ಒಪ್ಪುತ್ತದೆ, ಇವತ್ತಿನ ಅರ್ಥದ ತಾರತಮ್ಯವೂ ಒಪ್ಪುತ್ತದೆ.

ಅಸಮಾನ ಅನ್ನುವುದಕ್ಕೆ ಕನ್ನಡದಲ್ಲಿ ಇನ್ನೊಂದು ಮುಖ ಇದೆ, ಹುಷಾರಾಗಿರಿ. "ಅಸಮಾನ ಸಾಹಸಿ" ಅಂದರೆ ಸಾಟಿ ಇಲ್ಲದ ಸಾಹಸಿ. ಅದು ಹೊಗಳಿಕೆ. ತೆ ಹಚ್ಚಿ ಅಸಮಾನತೆ ಅಂದ ಕೂಡಲೇ ಹೊಗಳಿಕೆ ಹೋಗಿಬಿಡುತ್ತದೆ.

ವಿಷಮತೆ. ಇದು ಮರಾಠಿಯಲ್ಲಿ ತುಂಬಾ ಗಟ್ಟಿಯಾದ ಪದ, ಅದಕ್ಕೆ ಎದುರಾಗಿ ಸಮತಾ ನಿಲ್ಲುತ್ತದೆ. ಅಂಬೇಡ್ಕರರು ಮುಂಬಯಿಯಿಂದ 1928ರಲ್ಲಿ ಶುರುಮಾಡಿದ ಒಂದು ಪತ್ರಿಕೆಯ ಹೆಸರೇ ಸಮತಾ. ಮಹಾತ್ಮ ಫುಲೆ ಪುಣೆಯಲ್ಲಿ 1873ರಲ್ಲಿ ಜಾತಿಯ ಮೇಲು ಕೀಳಿನ ವಿರುದ್ಧ ಸತ್ಯಶೋಧಕ ಸಮಾಜ ಕಟ್ಟಿದಾಗಿನಿಂದ ಈ ಊರಿನಲ್ಲಿ ಇಂಥ ಮಾತುಕತೆ ಮನೆಮನೆಯದ್ದು, ಅಷ್ಟು ವರ್ಷದ ಬಳಕೆ ಆ ಪದಗಳ ಬೆನ್ನಿಗಿದೆ. ಕನ್ನಡದಲ್ಲಿ ವಿಷಮಕ್ಕೆ ಆ ಬಲ ಇಲ್ಲ. ವಿಷಮ ಅಂದರೆ ನಮಗೆ ಕೈಮೀರಿದ ಪರಿಸ್ಥಿತಿ, "ರೋಗಿಯ ಸ್ಥಿತಿ ವಿಷಮಿಸಿದೆ" ಅಂತೀವಲ್ಲ ಹಾಗೆ. ಇಲ್ಲವೇ ಟೈಫಾಯಿಡ್, ವಿಷಮಶೀತ ಜ್ವರ. ಬಹಳ ಜನ ಅದರೊಳಗೆ ವಿಷ ಇದೆ ಅಂದುಕೊಂಡಿದ್ದಾರೆ. ಇಲ್ಲ. ವಿ ಮತ್ತು ಸಮ, ಸಮವಲ್ಲದ್ದು ಅಂತ, ಸಂಧಿಯಲ್ಲಿ ಸ ಹೋಗಿ ಷ ಬಂದಿದೆ. ಮರಾಠಿ ಗಣಿತದಲ್ಲಿ ಬೆಸ ಸಂಖ್ಯೆಗೆ ವಿಷಮ ಅನ್ನುವುದೂ ಇದೇ ಅರ್ಥದಿಂದ. ಮೂರು ಕಣ್ಣಿನ ಶಿವ ವಿಷಮನೇತ್ರ, ಐದು ಬಾಣದ ಮನ್ಮಥ ವಿಷಮಬಾಣ, ಎರಡೂ ಬೆಸ ಸಂಖ್ಯೆ ನೋಡಿ.

ಇದರ ಇನ್ನೊಂದು ರೂಪ ವೈಷಮ್ಯ. ತರತಮದಿಂದ ತಾರತಮ್ಯ ಆದ ಹಾಗೆ ವಿಷಮದಿಂದ ವೈಷಮ್ಯ. ಬ್ರಹ್ಮಸೂತ್ರದಲ್ಲಿ ಒಂದು ಸೂತ್ರ ಇದೇ ಪದದಿಂದ ಶುರುವಾಗುತ್ತದೆ. ಲೋಕದಲ್ಲಿ ಒಬ್ಬ ಸುಖವಾಗಿ, ಇನ್ನೊಬ್ಬ ಕಷ್ಟದಲ್ಲಿ ಇರುವುದರಿಂದ ದೇವರಿಗೆ ವೈಷಮ್ಯದ ದೋಷ, ದಯೆ ಇಲ್ಲದ ದೋಷ ಬರುವುದಿಲ್ಲವೇ ಅನ್ನುವ ಆಕ್ಷೇಪಕ್ಕೆ ಅಲ್ಲಿ ಉತ್ತರ ಇದೆ. ಅಲ್ಲಿ ವೈಷಮ್ಯ ಅಂದರೆ ಪಕ್ಷಪಾತ, ಎಲ್ಲರನ್ನೂ ಒಂದೇ ರೀತಿ ನೋಡದಿರುವುದು. ಅದೇ ಪದ ಇವತ್ತು ಕನ್ನಡದಲ್ಲಿ "ಹಳೇ ವೈಷಮ್ಯದ ಹಿನ್ನೆಲೆಯಲ್ಲಿ ಹಲ್ಲೆ" ಅಂತ ಕ್ರೈಂ ಸುದ್ದಿಯಲ್ಲಿ ಬರುತ್ತದೆ, ದ್ವೇಷ ಅನ್ನುವ ಅರ್ಥದಲ್ಲಿ. ಮರಾಠಿಯಲ್ಲಿ "ವೈಷಮ್ಯ ವಾಟಣೆ" ಅಂದರೆ ಮನಸ್ಸಿಗೆ ಚುಚ್ಚುವುದು. ಸಮ ಇಲ್ಲದಿರುವುದಕ್ಕೆ ಇಟ್ಟ ಹೆಸರು ಒಂದು ಕಡೆ ನೋವಾಯಿತು, ಇನ್ನೊಂದು ಕಡೆ ಹಗೆ ಆಯಿತು. ಈ ಪದಗಳ ಪೈಕಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದೇ.

ಹುಬ್ಬಳ್ಳಿಯವರು ನೀವು, "ಪ್ರಾದೇಶಿಕ ಅಸಮತೋಲನ" ಕೇಳಿರುತ್ತೀರಿ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿದ್ದ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಅಂತ ಹೇಳಿತು. ಅಸಮತೋಲನ ತೂಕದ ಮಾತು. ಮಹಾರಾಷ್ಟ್ರದಲ್ಲಿ 1983ರಲ್ಲಿ ನೇಮಕವಾದ ದಾಂಡೇಕರ್ ಸಮಿತಿ ಇಂಥದೇ ಕೆಲಸ ಮಾಡಿತು, ಅಲ್ಲಿ ಜನರ ಬಾಯಿಗೆ ಬಂದ ಪದ ಅನುಶೇಷ, ಅಂದರೆ ಕೊಡಬೇಕಾಗಿದ್ದು ಇನ್ನೂ ಎಷ್ಟು ಬಾಕಿ ಅಂತ. ಅನುಶೇಷ ನನಗೆ ಹಿಡಿಸಿದ ಪದ. ಬಾಕಿ ಅಂದ ಮೇಲೆ ಕೊಡಬೇಕಾದವರು ಯಾರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕನ್ನಡ ಪೇಪರುಗಳು ಇಂಥ ಕಡೆ "ಮಲತಾಯಿ ಧೋರಣೆ" ಅನ್ನುತ್ತವೆ. ಅದನ್ನು ಬಿಡಬೇಕು. ಸರ್ಕಾರ ಮಾಡಿದ ತಪ್ಪಿಗೆ ಮನೆಮನೆಯಲ್ಲಿ ಇನ್ನೊಬ್ಬರ ಮಕ್ಕಳನ್ನು ಸಾಕುತ್ತಿರುವ ಹೆಂಗಸರನ್ನು ಯಾಕೆ ಎಳೆಯಬೇಕು?

ಆಡುಮಾತಿನಲ್ಲಿ ಇವುಗಳಿಗಿಂತ ಚುರುಕಾದದ್ದು ಇವೆ. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ" ಅಂದರೆ ಸಾಕು, ಮಾಡಿದವರೂ ಕಾಣುತ್ತಾರೆ, ಉರಿಯೂ ಕಾಣುತ್ತದೆ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ ಸುರಿದು, ಪಕ್ಕದ ಎಲೆಯನ್ನು ನೋಡದ ಹಾಗೆ ದಾಟಿಹೋದರೆ ಅದು ಪಂಕ್ತಿಭೇದ. ಮರಾಠಿಯವರು ಅದನ್ನು ಪಂಕ್ತಿಪ್ರಪಂಚ ಅನ್ನುತ್ತಾರೆ. ಅಜಗಜಾಂತರ ಬರೀ ದೊಡ್ಡ ಅಂತರ, ಮೇಕೆಗೂ ಆನೆಗೂ ಇರುವಷ್ಟು, ಅದರಲ್ಲಿ ಯಾರ ತಪ್ಪೂ ಇಲ್ಲ.

ನಿಮ್ಮ ಲೇಖನಕ್ಕೆ ಬರೋಣ. ಲಿಫ್ಟಿನ ನಿಯಮ ತಾರತಮ್ಯ, ಅನುಮಾನವೇ ಬೇಡ. ಅದನ್ನು ಒಂದು ಕಮಿಟಿ ಕೂತು ಮಾಡಿದೆ, ವಾಚ್‌ಮನ್ ಕೈಯಲ್ಲಿ ಜಾರಿ ಮಾಡಿಸುತ್ತಿದೆ. ಶೀರ್ಷಿಕೆಯಲ್ಲಿ ಆ ಪದವನ್ನೇ ಇಡಿ. ಒಳಗೆ "ಪ್ರತ್ಯೇಕ ಲಿಫ್ಟ್ ವ್ಯವಸ್ಥೆ ಮಾಡಲಾಗಿದೆ" ಅಂತ ಬರೆಯಬೇಡಿ. "ಕಮಿಟಿ ಹೀಗೆ ನಿಯಮ ಮಾಡಿದೆ" ಅಂತ ಬರೆಯಿರಿ. ನೀವೂ ಆ ಕಮಿಟಿಯಲ್ಲಿದ್ದೀರಿ, ಹಾಗಾಗಿ "ನಾವು ಮಾಡಿದ್ದೇವೆ" ಅಂತಲೇ ಬರೆಯಬೇಕಾಗುತ್ತದೆ. ಅಸಮಾನತೆ ಪದವನ್ನು ಆ ಹೆಂಗಸರ ಸಂಬಳ, ಅವರ ಮನೆ, ಅವರ ಮಕ್ಕಳ ಶಾಲೆ ಬಗ್ಗೆ ಹೇಳುವ ಭಾಗಕ್ಕೆ ಇಟ್ಟುಕೊಳ್ಳಿ. ವಿಷಮತೆ ಕನ್ನಡದ ಲೇಖನದಲ್ಲಿ ಬೇಡ.

ಇದನ್ನೇ ಸೊಸೈಟಿಯ ಮೀಟಿಂಗಿನಲ್ಲಿ ಮರಾಠಿಯಲ್ಲಿ ಎತ್ತುವ ಯೋಚನೆ ಇದ್ದರೆ, ಎತ್ತಬೇಕು ಅನ್ನುವುದು ನನ್ನ ಅಭಿಪ್ರಾಯ, ಆಗ ಭೇದಭಾವ ಅನ್ನಿ, ಇಲ್ಲವೇ ದುಜಾಭಾವ ಅನ್ನಿ. ಅಲ್ಲಿ ತಾರತಮ್ಯ ಅಂದರೆ ನೀವು ಆ ನಿಯಮವನ್ನು ಹದವರಿತ ನಿಯಮ ಅಂತ ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ.